ಅತ್ತಿಯವರಿಗೆ ದಮ್ಮು, ಮಗಳಿಗೆ ಹಕ್ಕಿ ಹುಚ್ಚು: ತಂಗಿ ಕೊಡ್ತೀನಿ ಅನ್ನೋ ಕಾಕಟೀಲ್ ಜೋಡಿ ಮನಿಗೆ ತರ್ಲೋ ಬ್ಯಾಡೋ?

ಓದುಗರ ಪ್ರಶ್ನೆ:

ಸರ್ ನಮಸ್ಕಾರ. ನಾವು ಗದಗ ಬೆಟಗೇರಿಯವರು. ಹುಬ್ಬಳ್ಳಿಯೊಳಗ ಇರೋ ನನ್ನ ತಂಗಿ ಕಡೆ ಒಂದು ಜೋಡಿ ಕಾಕಟೀಲ್ ಹಕ್ಕಿ ಅದಾವ, 4 ವರ್ಷದವು. ಒಂದು ಬೂದು ಬಣ್ಣ, ಮಾರಿ ಹಳದಿ. ಇನ್ನೊಂದು ಪೂರ್ತಿ ಬಿಳಿ-ಹಳದಿ, ಅದರ ಜುಟ್ಟಿನ ಹಿಂದ ತಲಿ ಬೋಳು ಆಗೈತಿ. ತಂಗಿ ಗಂಡಗ ಪುಣೆಗೆ ಟ್ರಾನ್ಸ್‌ಫರ್ ಆಗೈತಿ, ಮುಂದಿನ ತಿಂಗಳು ಹೊಂಟಾರ, ಹಕ್ಕಿ ನೀವ ಇಟ್ಕೋರಿ ಅಂತಾಳ. ನನ್ನ ಮಗಳಿಗೆ 9 ವರ್ಷ, ಅಕಿ ಅಂತೂ ಪಂಜರ ಎಲ್ಲಿ ಇಡೋದು ಅಂತ ಜಾಗಾ ಸೈತ ನೋಡಿ ಇಟ್ಟಾಳ. ಆದ್ರ ನಮ್ಮ ಅತ್ತಿಯವರಿಗೆ ದಮ್ಮು ಐತಿ, ದಿನಾ ಇನ್ಹೇಲರ್ ತಗೋತಾರ. ನಾವಿಬ್ಬರೂ ಮುಂಜಾನೆ 9ಕ್ಕ ಕೆಲಸಕ್ಕ ಹೋದ್ರ ಸಂಜಿ 6ಕ್ಕ ಬರೋದು. ಮನಿ ಅಂದ್ರ ಪಡಸಾಲಿ, ಒಂದು ಖೋಲಿ, ಅಡಿಗಿಮನಿ ಅಷ್ಟ. ಮ್ಯಾಲೆ ಒಂದು ತಗಡಿನ ಖೋಲಿ ಖಾಲಿ ಐತಿ, ಅಲ್ಲಿ ಇಟ್ರ ನಡೀತೈತೇನ್ರಿ? ಹಳದಿ ಹಕ್ಕಿ ಈ ವರ್ಷ ಮೂರು ಸಲ ತತ್ತಿ ಹಾಕೈತಿ, ಒಂದೂ ಮರಿ ಆಗಿಲ್ಲ. ಬೋಳು ತಲಿ ಏನರ ರೋಗಾನೇನ್ರಿ? ಗಿಣಿ ಸಾಕಿದ್ರ ಕೇಸ್ ಆಗತೈತಿ ಅಂತಾರ, ಇದಕ್ಕೂ ಹಂಗ ಏನು? ಅತ್ತಿ ತವರುಮನಿ ಬ್ಯಾಡಗಿ, ಕೆಂಪು ಮೆಣಸಿನಕಾಯಿ ತಿನ್ನಿಸಿದ್ರ ಹಕ್ಕಿ ಮಾತಾಡತಾವ ಅಂತಾರ ಅವರು. ಮತ್ತ ಮಾವ ಅಂತಾರ, ಪಂಜರದಾಗ ಇಟ್ರ ಪಾಪ, ತಂದು ಹಾರಸಿ ಬಿಡ್ರಿ ಅಂತ. ಏನು ಮಾಡ್ಲಿ ತಿಳಿವಲ್ದು.

ಉತ್ತರ:

ಅಕ್ಕಾರ, ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಏಳೆಂಟು ಅದಾವ, ಆದ್ರ ನಿಮ್ಮ ಹೊಟ್ಟ್ಯಾಗಿನ ಸಂಕಟ ಒಂದ, ಮಗಳ ಮಾರಿ ನೋಡಿ ಹೂಂ ಅಂದು ನಾಳೆ ಅತ್ತಿಗೆ ಉಸಿರಾಟದ ತ್ರಾಸ ಜಾಸ್ತಿ ಆದ್ರ ಏನು ಮಾಡೋದು ಅಂತ. ಹಂಗಾಗಿ ಸುತ್ತಿ ಬಳಸಿ ಹೇಳೋದು ಬ್ಯಾಡ, ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ: ನೀವು ಪತ್ರದಾಗ ಬರದ ಆ ಮನ್ಯಾಗ, ಆ ಅತ್ತಿ ಜೋಡಿ, ಈ ಎರಡು ಹಕ್ಕಿ ಇಡಬ್ಯಾಡ್ರಿ. ಹಕ್ಕಿ ಭಾಳ ಚಲೋ ಹಕ್ಕಿ, ಅದರ ಮ್ಯಾಲೆ ನನ್ನದೇನೂ ದೂರಿಲ್ಲ. ಕಾರಣ ಅದರ ಪುಡಿ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಿಮಗ ಯಾರೂ ಇದನ್ನ ಹೇಳಿದ್ಹಂಗ ಕಾಣೂದಿಲ್ಲ, ಹಕ್ಕಿ ಮಾರೋ ಅಂಗಡಿಯವರು ಅಂತೂ ಹೇಳೂದ ಇಲ್ಲ.

ನಾನು ದನದ ಡಾಕ್ಟರ್ ಅಂತ ಸರ್ವಿಸ್‌ನ್ಯಾಗ ಇದ್ದಾಗ ಎತ್ತು ಎಮ್ಮಿ ಕುರಿ ನೋಡಿದಾಂವ, ಕಾಲೇಜಿನ್ಯಾಗ ಹಕ್ಕಿ ಅಂದ್ರ ಕೋಳಿ ಅಷ್ಟ ಕಲಿಸಿದ್ರು. ರಿಟೈರ್ ಆಗಿ ಹುಬ್ಬಳ್ಳಿಯೊಳಗ ಸಣ್ಣ ಕ್ಲಿನಿಕ್ ಹಾಕಿದ ಮ್ಯಾಲೆ ಜನ ಟೊಪಗಿ ಡಬ್ಬಿ, ಶೂ ಡಬ್ಬಿಯೊಳಗ ಇಂಥ ಹಕ್ಕಿ ಹಾಕ್ಕೊಂಡು ಬರಾಕ ಶುರು ಮಾಡಿದ್ರು, ಆಮೇಲೆ ನಾನೂ ಓದಿ, ಬೆಂಗಳೂರಿನ ಹಕ್ಕಿ ಡಾಕ್ಟರಿಗೆ ಫೋನ್ ಮಾಡಿ ಮಾಡಿ ಕಲಿತೆ. ಮೊದಲ ವರ್ಷ ಒಬ್ಬ ಹುಡುಗ ಕಾಕಟೀಲ್ ತಂದಾಗ ನಾನು ಕರಿ ಪ್ಯಾಂಟ್ ಹಾಕಿದ್ದೆ. ಹಕ್ಕಿ ಹಿಡದು ನೋಡಿ ಬಿಟ್ಟ ಮ್ಯಾಲೆ ತೊಡಿ ಮ್ಯಾಲೆ ನೋಡ್ತೀನಿ, ಯಾರೋ ಕ್ಯಾರಂ ಬೋರ್ಡಿನ ಪೌಡರ್ ಚೆಲ್ಲಿಧಂಗ ಬೆಳ್ಳಗ. ಹಕ್ಕಿಗೆ ಚರ್ಮರೋಗ ಐತಿ ಅಂತ ತಿಳ್ಕೊಂಡಿದ್ದೆ ನಾನು, ಈಗ ನೆನಸಿದ್ರ ನಗು ಬರತೈತಿ.

ಅದು ರೋಗ ಅಲ್ರಿ. ಕಾಕಟೀಲ್ ಅಂದ್ರ ಕಾಕಟೂ ಅನ್ನೋ ಜುಟ್ಟಿನ ಗಿಣಿ ಜಾತಿಯೊಳಗಿನ ಅಗದಿ ಸಣ್ಣ ಹಕ್ಕಿ, ಊರು ಆಸ್ಟ್ರೇಲಿಯಾ, ತೂಕ 80 ರಿಂದ 100 ಗ್ರಾಂ. ಈ ಜಾತಿಗೆ ಮ್ಯಾಲಿನ ರೆಕ್ಕಿಪುಕ್ಕದ ಕೆಳಗ ಒಂದು ನಮೂನಿ ಮೆತ್ತನ ಪುಕ್ಕ ಇರ್ತಾವ, ಅವು ಉದುರೂದಿಲ್ಲ, ಬೆಳಕೋತ ಹೋಗ್ತಾವ, ಅವುಗಳ ತುದಿ ಮಾತ್ರ ಪುಡಿ ಪುಡಿ ಆಗತೈತಿ. ಹಕ್ಕಿ ಆ ಪುಡಿ ಮೈತುಂಬ ಸವರಕೋತೈತಿ, ಮೈ ಸ್ವಚ್ಛ ಇರ್ಲಿ, ಮಳಿ ನೀರು ಹತ್ತದಿರ್ಲಿ ಅಂತ. ಸಾಕೋ ಹಕ್ಕಿಗಳೊಳಗ ಪುಡಿ ಜಾಸ್ತಿ ಅಂದ್ರ ಕಾಕಟೂ, ಕಾಕಟೀಲ್, ಮತ್ತ ಆಫ್ರಿಕನ್ ಗ್ರೇ ಗಿಣಿ. ನೀವು ದಿನಾ ಕಸ ಹೊಡದ್ರೂ ಟಿವಿ ಸ್ಕ್ರೀನ್ ಮ್ಯಾಲೆ ಬಿಳಿ ಪದರ ಕೂಡತೈತಿ. ಫ್ಯಾನ್ ಹಚ್ಚಿದ್ರ ಮನಿ ತುಂಬ. ನಂಬಿಕಿ ಬರಲಿಲ್ಲಂದ್ರ ತಂಗಿ ಮನಿಗೆ ಹೋದಾಗ ಪಂಜರದ ಬಾಜೂಕ ಒಂದು ಕರಿ ಅರಿವಿ ಹಾಸಿ ಮರುದಿನ ನೋಡ್ರಿ.

ಈಗ ಜನ ಇಲ್ಲಿ ಮೂರು ಬ್ಯಾರೆ ಬ್ಯಾರೆ ಸಂಗತಿ ಕಲಸಿ ಒಂದ ಮಾಡ್ತಾರ, "ಹಕ್ಕಿಯಿಂದ ರೋಗ ಬರತೈತಿ" ಅಂತ. ಒಂದು, ಈ ಪುಡಿ, ಒಣಗಿದ ಹಿಕ್ಕಿ ಇವು ಮೂಗಿಗೆ ಹೋಗಿ ಸೀನು, ಕಣ್ಣು ತುರಿಕೆ, ದಮ್ಮು ಇದ್ದವರಿಗೆ ದಮ್ಮು ಕೆರಳೋದು. ಇದು ಅಲರ್ಜಿ. ನಿಮ್ಮ ಅತ್ತಿ ವಿಷಯದಾಗ ನನಗ ಹೆದರಿಕಿ ಇರೋದು ಇದರದ್ದ. ಎರಡನೇದು, ವರ್ಷಾನುಗಟ್ಟಲೆ ಹಕ್ಕಿ ಪುಡಿ ಉಸಿರಾಡಿದವರೊಳಗ ಕೆಲವರಿಗೆ ಪುಪ್ಪಸದ ಒಳಗ ಬಾವು ಬಂದು ಹಗೂರ್ಕ ಪುಪ್ಪಸ ಗಟ್ಟಿ ಆಕ್ಕೋತ ಹೋಗೋದು, ಪಾರಿವಾಳ ಸಾಕೋರೊಳಗ ಇದನ್ನ ಹೆಚ್ಚು ನೋಡ್ತಾರ, ಆದ್ರ ಇಂಥ ಹಕ್ಕಿಯಿಂದನೂ ಆಗತೈತಿ. ಇದು ಎಲ್ಲಾರಿಗೂ ಬರೋದಲ್ಲ, ಆದ್ರ ಬಂದ್ರ ಹಕ್ಕಿ ಮನಿಯಿಂದ ಹೋಗೂತನಕ ಔಷಧಿ ಸರಿಯಾಗಿ ಹತ್ತೂದಿಲ್ಲ. ಮೂರನೇದು ಮಾತ್ರ ಖರೆ ಅಂಟುರೋಗ, ಸಿಟ್ಟಕೋಸಿಸ್ ಅಂತ, ಹಕ್ಕಿ ಹಿಕ್ಕಿಯೊಳಗ, ಸಿಂಬಳದೊಳಗ ಬರೋ ಬ್ಯಾಕ್ಟೀರಿಯಾದಿಂದ. ಮನುಷ್ಯಾರಿಗೆ ಜ್ವರ, ಜೋರ ತಲಿಶೂಲಿ, ಒಣ ಕೆಮ್ಮು ಬರತೈತಿ, ಡಾಕ್ಸಿಸೈಕ್ಲಿನ್ ಗುಳಿಗೆಗೆ ವಾಸಿ ಆಗತೈತಿ, ಆದ್ರ ದವಾಖಾನ್ಯಾಗ "ಮನ್ಯಾಗ ಹಕ್ಕಿ ಐತಿ" ಅಂತ ನೀವು ಬಾಯಿಬಿಟ್ಟು ಹೇಳ್ಬೇಕು, ಇಲ್ಲಂದ್ರ ಡಾಕ್ಟರಿಗೆ ಅದು ಹೊಳಿಯೂದಿಲ್ಲ. ಹಕ್ಕಿ ನೋಡಾಕ ಆರಾಮ ಇದ್ರೂ ಒಳಗ ಇದು ಇರಬಹುದು, ಹಿಕ್ಕಿ ಟೆಸ್ಟ್ ಮಾಡಿಸಿದ್ರ ಗೊತ್ತಾಗತೈತಿ. ಅದಕ್ಕ ಯಾರ ಮನ್ಯಾಗ ಹಕ್ಕಿ ಇದ್ರೂ ನಾನು ಹೇಳೋದು ಒಂದ, ಪಂಜರದ ಕೆಳಗ ಒಣ ಕಸಬರಿಗಿ ಆಡಸಬ್ಯಾಡ್ರಿ, ಒದ್ದಿ ಅರಿವೀಲೆ ಒರಸ್ರಿ.

ಹಂಗಂತ ಹಕ್ಕಿ ಇದ್ದ ಮನ್ಯಾಗ ಎಲ್ಲಾರಿಗೂ ದಮ್ಮು ಬರತೈತಿ ಅನ್ನೋದು ಸುಳ್ಳು. ಆರಾಮ ಇದ್ದ ಮನಿಯವರು ನೂರಾರು ಮಂದಿ ಕಾಕಟೀಲ್ ಸಾಕ್ಯಾರ, ಏನೂ ಆಗಿಲ್ಲ. ಆದ್ರ ನಿಮ್ಮ ಅತ್ತಿ ದಿನಾ ಇನ್ಹೇಲರ್ ತಗೊಳ್ಳೋರು, ನೀವಿಬ್ಬರೂ ಹೊರಗ ಹೋದ ಮ್ಯಾಲೆ ಒಂಬತ್ತು ತಾಸು ಆ ಹಕ್ಕಿ ಜೋಡಿ ಆ ಪಡಸಾಲ್ಯಾಗ ಕೂಡೋರು ಅವರ. ಹಕ್ಕಿ ಬೇಕು ಅಂದಾಕಿ ಮೊಮ್ಮಗಳು, ಪುಡಿ ನುಂಗೋರು ಅಜ್ಜಿ, ಇದು ಸರಿ ಕಾಣೂದಿಲ್ಲ ನನಗ. "ನಾಕು ದಿನ ಇಟ್ಟು ನೋಡೂಣು, ತ್ರಾಸ ಆದ್ರ ವಾಪಸ್ ಕೊಡೂಣು" ಅಂತ ಟ್ರಯಲ್ ಮಾಡೋರು ಇರ್ತಾರ, ಅದೂ ಬ್ಯಾಡ, ನಾಕು ದಿನದಾಗ ಏನೂ ಆಗದ ನಾಕು ತಿಂಗಳಿಗೆ ಶುರು ಆಗಬಹುದು, ಅಷ್ಟೊತ್ತಿಗೆ ವಾಪಸ್ ತಗೊಳ್ಳಾಕ ತಂಗಿ ಊರಾಗ ಇರೂದಿಲ್ಲ, ಮಗಳಿಗೂ ಜೀವ ಹತ್ತಿರತೈತಿ. ಕೊನೀ ಮಾತು ಅತ್ತಿ ಎದಿ ಡಾಕ್ಟರದ್ದು, ನಾನು ದನದ ಡಾಕ್ಟರ್. ಅವರನ್ನ ಕೇಳದ ಮುಂದ ಹೋಗಬ್ಯಾಡ್ರಿ.

ಇನ್ನ ತಗಡಿನ ಖೋಲಿ. ಇದನ್ನ ಬರದಾಗ ನಿಮಗೂ ಗೊತ್ತಿತ್ತು ಅನಸ್ತೈತಿ. ಕಾಕಟೀಲ್ ಒಣ ಸೀಮಿ ಹಕ್ಕಿ, ಆಸ್ಟ್ರೇಲಿಯಾದ ನಡುವಿನ ಬಯಲಾಗ ಮಳಿ ಎಲ್ಲಿ ಆಗೈತಿ ಕಾಳು ಎಲ್ಲಿ ಸಿಗತೈತಿ ಅಂತ ಗುಂಪುಗಟ್ಟಿ ಹುಡಿಕ್ಕೋತ ತಿರಗೋವು, ಬಿಸಲಿಗೆ ಹೆದರೋದಲ್ಲ. ಆದ್ರ ಅಲ್ಲಿ ಗಿಡದ ನೆರಳು ಐತಿ, ಗಾಳಿ ಐತಿ, ಸುಡಾಕತ್ತಿದ್ರ ಹಾರಿ ಹೋಗತಾವ. ಗದಗಿನ ಎಪ್ರಿಲ್ ತಿಂಗಳು ಮಧ್ಯಾಹ್ನ 2 ಗಂಟೇಕ ತಗಡಿನ ಕೆಳಗ ನೀವ ಹತ್ತು ನಿಮಿಷ ನಿಂದ್ರೂದಿಲ್ಲ. ಬಾಯಿ ತಗದು ತೇಕತಾವ, ರೆಕ್ಕಿ ಮೈಯಿಂದ ದೂರ ಹಿಡೀತಾವ, ಆಮೇಲೆ ಕೋಲಿನ ಮ್ಯಾಲಿಂದ ಬೀಳತಾವ. ಬ್ಯಾಸಗಿ ಹೋಗ್ಲಿ, ಅಲ್ಲಿ ಒಂಟಿ ಇಟ್ರ ಸಂಜಿತನಕ ಯಾರ ಮಾರೀನೂ ನೋಡದ ಕೂಗಿ ಕೂಗಿ ಕೂಡತಾವ, ಬೆಕ್ಕು ಇಲಿ ಹಾವು ಬ್ಯಾರೆ. ಆ ಖೋಲಿ ಮರ್ತುಬಿಡ್ರಿ.

ಬೋಳು ತಲಿಗೆ ಬರ್ತೀನಿ, ಇದಕ್ಕ ಹೆದರಬ್ಯಾಡ್ರಿ. ಬಿಳಿ-ಹಳದಿ ಬಣ್ಣದವಕ್ಕ ಲುಟಿನೋ ಅಂತಾರ, ಬೂದು ಬಣ್ಣದ ಹಕ್ಕಿಯಿಂದ ಸಾಕೋರು ಆರಿಸಿ ಆರಿಸಿ ಬೆಳೆಸಿದ ತಳಿ. ಬಣ್ಣದ ಆಸೆಗೆ ಒಂದ ಮನೆತನದೊಳಗ ಕೂಡಸಿ ಕೂಡಸಿ ಜುಟ್ಟಿನ ಹಿಂದ ಬೋಳು ಬರೋ ಗುಣ ಗಟ್ಟಿ ಆಗೈತಿ. ಹುಟ್ಟಾ ಬಂದದ್ದು, ಎಣ್ಣಿ ಹಚ್ಚಿದ್ರ ಪುಕ್ಕ ಬರೂದಿಲ್ಲ (ಹಚ್ಚಲೂ ಬಾರದು, ಎಣ್ಣಿ ಹತ್ತಿದ ಪುಕ್ಕ ಮೈ ಬೆಚ್ಚಗ ಇಡೂದಿಲ್ಲ). ಆದ್ರ ಬೋಳು ಹೊಸದಾಗಿ ದೊಡ್ಡದಾಗಾಕತ್ತಿದ್ರ, ಚರ್ಮ ಕೆಂಪಾಗಿದ್ರ, ಅಥವಾ ಇನ್ನೊಂದು ಹಕ್ಕಿ ಕಿತ್ತಾಕತ್ತಿದ್ರ ಅದು ಬ್ಯಾರೆ ಮಾತು. ಲುಟಿನೋಗಳೊಳಗ ಇನ್ನೊಂದು ಸ್ವಭಾವ ಜಾಸ್ತಿ, ರಾತ್ರಿ ಕತ್ತಲಾಗ ಏನರ ಸಪ್ಪಳ ಆದ್ರ ಬೆಚ್ಚಿಬಿದ್ದು ಪಂಜರದಾಗ ಬಡಕೊಂಡು ರೆಕ್ಕಿ ರಕ್ತ ಮಾಡ್ಕೋತಾವ. ದೀಪಾವಳಿ ಮರುದಿನ ನನ್ನ ಕ್ಲಿನಿಕ್‌ನ್ಯಾಗ ಇಂಥವು ಎರಡು ಮೂರು ಇರೋದ. ಸಣ್ಣ ಜೀರೋ ಬಲ್ಬ್ ಹಚ್ಚಿ ಇಟ್ರ ಅರ್ಧ ಕಡಿಮಿ ಆಗತೈತಿ.

ಬೋಳಿಗಿಂತ ನನಗ ಚಿಂತಿ ಹಚ್ಚಿದ್ದು ನೀವು ಒಂದು ಸಾಲಿನಾಗ ಬರದು ಮುಂದ ಹೋದ ಮಾತು: ವರ್ಷದಾಗ ಮೂರು ಸಲ ತತ್ತಿ. ಕಾಕಟೀಲ್ ಒಂದು ಸಲಕ್ಕ ನಾಕರಿಂದ ಏಳು ತತ್ತಿ ಹಾಕತೈತಿ, ಒಂದು ದಿನ ಬಿಟ್ಟು ಒಂದು ದಿನ. ಮೂರು ಸಲ ಅಂದ್ರ ಹದಿನೈದು ಇಪ್ಪತ್ತು ತತ್ತಿ. 90 ಗ್ರಾಂ ಹಕ್ಕಿ ಅಷ್ಟು ಚಿಪ್ಪಿಗೆ ಸುಣ್ಣ ಎಲ್ಲಿಂದ ತರಬೇಕ್ರಿ, ತನ್ನ ಎಲುಬಿನಿಂದನ ತಗೀತೈತಿ. ಕ್ಯಾಲ್ಸಿಯಂ ಇಳದಾಗ ಗರ್ಭಚೀಲಕ್ಕ ಹಿಂಡೋ ಶಕ್ತಿ ಇರೂದಿಲ್ಲ, ತತ್ತಿ ಒಳಗ ಸಿಕ್ಕೊಂಡುಬಿಡತೈತಿ. ಹೋದ ಮಳಿಗಾಲದಾಗ ಧಾರವಾಡದ ಒಬ್ಬ ಹೆಣ್ಣುಮಗಳು ಟಾವೆಲ್‌ನ್ಯಾಗ ಸುತ್ತಿಕೊಂಡು ಒಂದು ಹೆಣ್ಣು ಹಕ್ಕಿ ತಂದಿದ್ರು, ಪಂಜರದ ತಳದಾಗ ಉಬ್ಬಿ ಕುಂತೈತಿ, ಬಾಲ ಮ್ಯಾಲೆ ಕೆಳಗ ಆಡಸ್ತೈತಿ, ಮುಕ್ಕರತೈತಿ ಅಂತ. ಹೊಟ್ಟಿ ಮ್ಯಾಲೆ ಬಟ್ಟಿಟ್ರ ಒಳಗ ತತ್ತಿ ಹತ್ತತೈತಿ, ಗಟ್ಟಿ ಅಲ್ಲ, ಹಸಿ ತೊಗಲಿನಂಗ ಮೆತ್ತಗ. ಬಿಸಿನೀರಿನ ಬಾಟಲಿ ಇಟ್ಟು ಬೆಚ್ಚಗ ಮಾಡಿ, ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಎರಡು ತಾಸು ಕುಂತ್ವಿ ಎಲ್ಲಾರೂ. ತತ್ತಿ ಹೊರಗ ಬಂತು, ಹಕ್ಕಿ ಉಳೀತು. ಅದಕ್ಕಿಂತ ಹಿಂದಿನ ತಿಂಗಳು ಬಂದದ್ದು ಉಳೀಲಿಲ್ಲ, ಅವರು "ನಾಳೆ ನೋಡೂಣು" ಅಂತ ಒಂದು ದಿನ ತಡ ಮಾಡಿದ್ರು, ಮನ್ಯಾಗ ಎಣ್ಣಿ ಬಿಟ್ಟು ಒತ್ತಿ ತಗಿಯಾಕ ನೋಡಿದ್ರು, ಒಳಗ ಒಡದುಹೋಗಿತ್ತು.

ಅದಕ್ಕ ನಿಮ್ಮ ತಂಗಿಗೆ ಇವತ್ತ ಹೇಳ್ರಿ, ಹಕ್ಕಿ ಯಾರ ಮನಿಗೆ ಹೋದ್ರೂ ಇದು ನಿಲ್ಲಬೇಕು. ಪಂಜರದಾಗ ಗಡಿಗಿ, ಡಬ್ಬಿ, ಕಟಗಿ ಪೆಟ್ಟಿಗಿ ಏನಿದ್ರೂ ತಗೀರಿ. ರಾತ್ರಿ 10ರ ತನಕ ಟ್ಯೂಬ್‌ಲೈಟ್ ಬೆಳಕಿನಾಗ ಇದ್ರ ಹಕ್ಕಿ ಮೈಯಿಗೆ ಹಗಲು ಉದ್ದ ಆತು ತತ್ತಿ ಕಾಲ ಬಂತು ಅನಸತೈತಿ, ಸಂಜಿ 6:30 - 7ಕ್ಕ ಅರಿವಿ ಮುಚ್ಚಿ 12 ತಾಸು ಕತ್ತಲಿ ಕೊಡ್ರಿ, ಆ ಜೀರೋ ಬಲ್ಬಿನ ಮಂಕು ಬೆಳಕು ಇದ್ರ ನಡೀತೈತಿ. ಬೆನ್ನು ಸವರಬ್ಯಾಡ್ರಿ, ತಲಿ ಅಷ್ಟ ಕೆರೀರಿ. ಹಾಕಿದ ತತ್ತಿ ತಕ್ಷಣ ತಗದು ಒಗದ್ರ ಮತ್ತ ಹಾಕತೈತಿ, ಹಂಗಾಗಿ ಮೂರು ವಾರ ಕಾವು ಕೂಡಾಕ ಬಿಡ್ರಿ, ತಾನ ಬ್ಯಾಸರಾಗಿ ಬಿಡತೈತಿ. ಗಂಡೂ ಕಾವಿಗೆ ಕೂಡತೈತಿ, ಹಗಲ ಪಾಳಿ ಹೆಚ್ಚಾಗಿ ಅಂವಂದ, ನೋಡಾಕ ಚಂದ. ಮರಿ ಯಾಕ ಆಗಿಲ್ಲ ಅನ್ನೋದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ, ಆಗದಿದ್ದದ್ದ ಚಲೋ ಆತು. ಮರಿ ಆದ್ರ ಏನು ಮಾಡ್ತಿದ್ರಿ?

ಮರಿ ಅಂದಾಗ ಇನ್ನೊಂದು ಹೇಳಬೇಕು, ನಿಮಗ ನೇರ ಸಂಬಂಧ ಇಲ್ಲ ಆದ್ರೂ. "ಇದು ಬ್ಯಾಡಂದ್ರ ಅಂಗಡಿಯಾಗಿಂದ ಕೈಲೆ ತಿನ್ನಿಸೋ ಸಣ್ಣ ಮರಿ ತರೂಣು, ಹಚ್ಕೊಂಡು ಬೆಳೀತೈತಿ" ಅಂತ ಯಾರರ ಸಲಹಾ ಕೊಡ್ತಾರ. ಬ್ಯಾಡ. ತಾನಾಗಿ ಕಾಳು ತಿನ್ನಾಕ ಕಾಕಟೀಲ್ ಮರಿಗೆ ಎಂಟು ಹತ್ತು ವಾರ ಬೇಕು. ಅದಕ್ಕಿಂತ ಮೊದಲ ಮಾರಿದ ಮರಿಗೆ ಸಿರಿಂಜಿನಾಗ ಗಂಜಿ ಹಾಕಾಕ ಹೋಗಿ ಬಿಸಿ ಜಾಸ್ತಿ ಆಗಿ ಕೊರಳ ಚೀಲ ಸುಟ್ಟದ್ದು, ಗಂಜಿ ಉಸಿರಿನ ಕೊಳವಿಗೆ ಹೋಗಿ ಸತ್ತದ್ದು, ನನ್ನ ಕ್ಲಿನಿಕ್‌ನ್ಯಾಗ ನೋಡಿ ನೋಡಿ ಸಾಕಾಗೈತಿ.

ಮೆಣಸಿನಕಾಯಿ ಮಾತು ಓದಿ ಖುಷಿ ಆತು. ಬ್ಯಾಡಗಿ ಹೆಣ್ಣುಮಗಳು ಇನ್ನೇನು ಹೇಳಬೇಕು! ಅತ್ತಿ ಮಾತಿನಾಗ ಅರ್ಧ ಖರೆ ಐತಿ. ಮನುಷ್ಯಾರ ನಾಲಿಗಿಗೆ ಖಾರ ಹತ್ತೋ ಹಂಗ ಹಕ್ಕಿಗೆ ಹತ್ತೂದಿಲ್ಲ, ಖಾರದ ಅಂಶ ಹಿಡಿಯೋ ನರದ ಜಾಗಾ ಅವಕ್ಕ ಬ್ಯಾರೆ ಇರತೈತಿ, ಅದಕ್ಕ ಗಿಣಿ ಗುಂಟೂರು ಮೆಣಸಿನಕಾಯೀನೂ ಕಡ್ಲಿಕಾಯಿ ತಿಂದಂಗ ತಿಂತಾವ. ಹಣ್ಣಾದ ಕೆಂಪು ಮೆಣಸಿನಕಾಯಾಗ ವಿಟಮಿನ್ ಎ ಸಿಗತೈತಿ, ಬರೇ ಕಾಳು ತಿನ್ನೋ ಹಕ್ಕಿಗೆ ಅದ ಕಡಿಮಿ ಬೀಳೋದು. ಹಂಗಾಗಿ ತಿನ್ನಿಸ್ರಿ ಅಡ್ಡಿಯಿಲ್ಲ. ಆದ್ರ ತಿಂದು ಮಾತಾಡತೈತಿ ಅನ್ನೋದು ಸುಳ್ಳು. ಕಾಕಟೀಲ್ ಗಿಣಿಯಂಗ ಮಾತಿನ ಹಕ್ಕಿ ಅಲ್ಲ, ಇದು ಸೀಟಿ ಹಕ್ಕಿ. ಗಂಡು ಹೆಚ್ಚು ಸೀಟಿ ಹೊಡೀತೈತಿ, ಫೋನಿನ ರಿಂಗ್, ಕುಕ್ಕರ್ ಸೀಟಿ, ಹಾಲಿನವನ ಹಾರ್ನ್ ಎಲ್ಲಾ ಕಲಿತೈತಿ, ಒಂದೆರಡು ಶಬ್ದ ಒದರಬಹುದು ಅದೂ ಮುಲಗುಟ್ಟಿದಂಗ. ಹೆಣ್ಣು ಬಹುತೇಕ ಸುಮ್ಮನ. ನಿಮ್ಮ ಜೋಡಿಯೊಳಗ ಹಳದಿ ಮಾರಿ ಬೂದು ಹಕ್ಕಿ ಗಂಡು, ಹೆಣ್ಣಾಗಿದ್ರ ಮಾರಿ ಬೂದಿನ ಉಳಿತಿತ್ತು.

ಕೇಸಿನ ವಿಚಾರ ಚುಟುಕಾಗಿ ಹೇಳ್ತೀನಿ. ನಮ್ಮ ಹಸಿರು ಗಿಣಿ ದೇಶದ ವನ್ಯಜೀವಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದು, ಮಾರೋದು, ಸಾಕೋದು ಎಲ್ಲಾ ಅಪರಾಧ, 2022ರ ತಿದ್ದುಪಡಿ ಆದ ಮ್ಯಾಲೆ ಅದು 2ನೇ ಶೆಡ್ಯೂಲ್‌ನ್ಯಾಗ (ರಕ್ಷಣೆ ಇರೋ ಪ್ರಾಣಿ-ಪಕ್ಷಿಗಳ ಪಟ್ಟಿಯಾಗ) ಐತಿ. ಅಜ್ಜ ಮುತ್ಯಾ ಸಾಕಿದ್ರು ಅನ್ನೋದು ಈಗ ನಡಿಯೂದಿಲ್ಲ. ಕಾಕಟೀಲ್ ವಿದೇಶಿ ಹಕ್ಕಿ, ಪಂಜರದಾಗ ಹುಟ್ಟಿ ಬೆಳೆದದ್ದು, ಈ ಕಾಯ್ದೆ ಗಿಣಿಗೆ ಹತ್ತಿಧಂಗ ಅದಕ್ಕ ಹತ್ತೂದಿಲ್ಲ. ಹೊರದೇಶದ ಪ್ರಾಣಿ-ಪಕ್ಷಿ ವ್ಯಾಪಾರಕ್ಕ ಸೈಟಿಸ್ ಅಂತ ಅಂತಾರಾಷ್ಟ್ರೀಯ ಒಪ್ಪಂದ ಐತಿ, ಗಿಣಿ ಜಾತಿ ಹೆಚ್ಚೂಕಡಿಮಿ ಪೂರ್ತಿ ಅದರ ಪಟ್ಟಿಯಾಗ ಅದಾವ, ಬಿಟ್ಟಿರೋ ನಾಕ ಜಾತಿಯೊಳಗ ಕಾಕಟೀಲ್ ಒಂದು, ಲವ್ ಬರ್ಡ್ಸ್ ಅಂತ ನಮ್ಮ ಕಡೆ ಮಾರೋ ಬಜ್ಜಿ ಇನ್ನೊಂದು. ಮಕಾವ್, ಆಫ್ರಿಕನ್ ಗ್ರೇಯಂಥ ಆ ಪಟ್ಟಿಯಾಗಿನ ಗಿಣಿ ಇದ್ದವರು ಸರಕಾರದ ಪೋರ್ಟಲ್‌ನ್ಯಾಗ ನೋಂದಣಿ ಮಾಡಸ್ಬೇಕು.

ಮಾವನವರ ಮಾತಿಗೆ ಸಿಟ್ಟಾಗಬ್ಯಾಡ್ರಿ, ಅವರ ಮನಸ್ಸು ದೊಡ್ಡದು. ಪಂಜರ ಅಂದ್ರ ನನಗೂ ಅಷ್ಟೇನು ಪ್ರೀತಿ ಇಲ್ಲ. ಆದ್ರ ಹಾರಿಸಿ ಬಿಡೋದು ಪುಣ್ಯ ಅಲ್ರಿ, ಕಾಗಿಗೆ ಊಟ ಹಾಕಿದಂಗ. ತಲಿತಲಾಂತರ ಪಂಜರದಾಗ ಹುಟ್ಟಿದ ಹಕ್ಕಿಗೆ ಕಾಳು ಬಟ್ಟಲದಾಗ ಇರತೈತಿ ಅಂತಷ್ಟ ಗೊತ್ತು. ಬಿಳಿ ಹಕ್ಕಿ ಬೆಟಗೇರಿ ಆಕಾಶದಾಗ ಹದ್ದಿಗೆ ಎಷ್ಟು ದೂರದಿಂದ ಕಾಣತೈತಿ ನೀವ ವಿಚಾರ ಮಾಡ್ರಿ. ಮಗಳ ಮುಂದ ಇದನ್ನ ಮಾಡಬ್ಯಾಡ್ರಿ.

ಇಷ್ಟೆಲ್ಲಾ ಬ್ಯಾಡ ಬ್ಯಾಡ ಅಂದೆ, ಹಂಗಾದ್ರ ಜನ ಯಾಕ ಸಾಕ್ತಾರ ಅಂತ ಕೇಳ್ತೀರಿ. ಮನುಷ್ಯಾರನ್ನ ಇಷ್ಟು ಹಚ್ಚಿಕೊಳ್ಳೋ ಸಣ್ಣ ಹಕ್ಕಿ ನಾನು ಬ್ಯಾರೆ ನೋಡಿಲ್ಲ. ನೀವು ಬಾಗಲಾ ತಗದ ಸಪ್ಪಳಕ್ಕ ಜುಟ್ಟು ನೆಟ್ಟಗ ನಿಲ್ಲಸ್ತೈತಿ, ಹೆಗಲಿಗೆ ಬಂದು ತಲಿ ಬಗ್ಗಿಸಿ ಕೆರಿ ಅಂತೈತಿ. ಜುಟ್ಟು ನೋಡಿನ ಅದರ ಮನಸ್ಸು ಓದಬಹುದು: ಸೆಟೆದು ನಿಂತಿದ್ರ ಗಾಬರಿ ಇಲ್ಲಾ ಕುತೂಹಲ, ತಲಿಗೆ ಚಪ್ಪಟ್ಟ ಹತ್ತಿ ಬಾಯಿ ತಗದು ಬುಸ್ ಅಂದ್ರ ದೂರ ಸರಿ ಅಂತ. ಕಚ್ಚಿದ್ರೂ ದೊಡ್ಡ ಗಿಣಿಯಂಗ ಬೆರಳು ಹರಿಯೂದಿಲ್ಲ. ಮುಂಜಾನೆ ಸಂಜಿ ಒಂದೀಟು ಒದರತಾವ, ಓಣಿಯವರು ಜಗಳಕ್ಕ ಬರೋವಷ್ಟು ಅಲ್ಲ. ತಿನ್ನೋದೂ ನಮ್ಮ ಕಡೆ ಸಿಗೋದ, ನವಣಿ, ಸಾವಿ, ಸಜ್ಜಿ, ಜೋಡಿ ನುಗ್ಗಿ ಸೊಪ್ಪು, ಮೆಂತೆ, ಗಜ್ಜರಿ, ಕುಂಬಳಕಾಯಿ, ಸುಣ್ಣಕ್ಕ ಅಂತ ಕಡಲ ನೊರಿ (ಕಟಲ್‌ಬೋನ್) ಬಿಳಿ ಚಕ್ಕಿ. ಬರೇ ಸೂರ್ಯಕಾಂತಿ ಬೀಜ ಹಾಕಿದ್ರ ಮೂರು ವರ್ಷಕ್ಕ ಲಿವರ್‌ನ್ಯಾಗ ಕೊಬ್ಬು ತುಂಬಿ ಬರತಾವ ನನ್ನ ಕಡೆ, ಅದು ಹಕ್ಕಿಗೆ ಫರಸಾಣ ಇದ್ದಂಗ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಉಳ್ಳಾಗಡ್ಡಿ ಬಾಯಿಗೂ ತೋರಸಬ್ಯಾಡ್ರಿ. ಮಳಿಗಾಲದಾಗ ಕಾಳಿಗೆ ಬೂಸ್ಟು ಹಿಡಿದಿದ್ರ ಒಗೀರಿ, ಜಾಲಿಸಿ ಒಣಗಿಸಿ ಹಾಕೋ ಜುಗ್ಗತನ ಇಲ್ಲಿ ಬ್ಯಾಡ. ಮತ್ತ ಥಂಡಿ ಆಗೈತಿ ಅಂತ ಬ್ರಾಂದಿ ಹನಿ ಹಾಕೋದು, ಅಂಗಡಿಯವ ಕೊಟ್ಟ ಹಳದಿ ಪುಡಿ ನೀರಿಗೆ ಬೆರಸೋದು, ಇವೆರಡರಿಂದ ಸತ್ತಷ್ಟು ಹಕ್ಕಿ ಥಂಡಿಯಿಂದ ಸತ್ತಿಲ್ಲ.

ತೊಂದರಿ ಅಂದ್ರ ಇವು 15ರಿಂದ 20 ವರ್ಷ ಬಾಳತಾವ. ಈಗ 4 ವರ್ಷ ಅಂದ್ರ ನಿಮ್ಮ ಮಗಳು ಡಿಗ್ರಿ ಮುಗಿಸಿ ಬ್ಯಾರೆ ಊರಿಗೆ ನೌಕರಿಗೆ ಹೋದಾಗಲೂ ಇವು ನಿಮ್ಮ ಪಡಸಾಲ್ಯಾಗ ಇರ್ತಾವ, ಕಸ ತಗಿಯೋರು ನೀವು. ಮತ್ತ ನಮ್ಮ ಮನಿಗಳ ಗಾಳಿ. ಹಕ್ಕಿ ಪುಪ್ಪಸ ನಮ್ಮದಕ್ಕಿಂತ ಚುರುಕು, ಗಾಳಿಯೊಳಗಿನ ವಿಷ ನಮಗಿಂತ ಲಗೂನ ಹೀರತೈತಿ. ರೊಟ್ಟಿ ಬಡಿಯೋ ಕಬ್ಬಿಣದ ಹಂಚಿನಿಂದ ಏನೂ ಇಲ್ಲ, ದ್ವಾಸಿಗೆ ಅಂತ ತಂದ ನಾನ್‌ಸ್ಟಿಕ್ ತವಾ ಒಲಿ ಮ್ಯಾಲೆ ಖಾಲಿ ಬಿಟ್ಟು ಫೋನ್ ಹಿಡದು ಕುಂತ್ರ, ಅದರ ಹೊಗಿ ನಮಗ ವಾಸನಿನೂ ಬರೂದಿಲ್ಲ, ಪಡಸಾಲ್ಯಾಗಿನ ಹಕ್ಕಿ ಹತ್ತು ಹದಿನೈದು ನಿಮಿಷದಾಗ ಕೆಳಗ ಬಿದ್ದಿರತೈತಿ. ಊದಿನಕಡ್ಡಿ, ಲೋಬಾನ, ಸೊಳ್ಳಿ ಬತ್ತಿ, ಒಗ್ಗರಣಿ ಹೊಗಿ, ಎಲ್ಲಾ ಅವಕ್ಕ ಕೆಟ್ಟ. ನಿಮ್ಮ ಅಡಿಗಿಮನಿಗೂ ಪಡಸಾಲಿಗೂ ಇರೋ ದೂರ ಎಷ್ಟೈತಿ ಅನ್ನೋದು ನಿಮ್ಮ ಪತ್ರದಾಗನ ಗೊತ್ತಾಗತೈತಿ. ಮ್ಯಾಲಿನ ಸೀಲಿಂಗ್ ಫ್ಯಾನ್ ಸೈತ ಮರೀಬ್ಯಾಡ್ರಿ, ಹೊರಗ ಬಿಟ್ಟ ಹಕ್ಕಿ ಫ್ಯಾನಿಗೆ ಹೋಗಿ ಬಡಕೊಂಡದ್ದಕ್ಕ ನನ್ನ ಕಡೆ ಹೊಲಿಗಿ ದಾರ ಸಾಕಾಗಿಲ್ಲ.

ಈಗ ದಾರಿ ಯಾವ್ಯಾವ ಅದಾವ ನೋಡೂಣು. ಎಲ್ಲಕ್ಕಿಂತ ಚಲೋ, ತಂಗಿ ಪುಣೆಗೆ ಜೋಡಿ ತಗೊಂಡು ಹೋಗೋದು. ಪಂಜರ ಕಾರಿನಾಗ ಹಿಡಿಸತೈತಿ, ಬಾಡಗಿ ಮನಿಯವರು ಒಪ್ಪೂದಿಲ್ಲ ಅಂತ ಬಾಯಿ ಮಾತಿಗೆ ಬಿಡಬ್ಯಾಡ್ರಿ, ಕೇಳಿದ್ದಾಳೋ ಇಲ್ಲೋ ಒಮ್ಮೆ ವಿಚಾರಸ್ರಿ, ಬಹಳ ಮಂದಿ ಕೇಳಿರೂದ ಇಲ್ಲ. ಅದು ಆಗದಿದ್ರ ಮೊದಲ ಕಾಕಟೀಲ್ ಸಾಕಿ ಗೊತ್ತಿದ್ದವರ ಮನಿ, ಹುಬ್ಬಳ್ಳಿ-ಧಾರವಾಡದಾಗನ ಸಿಗತಾರ, ಹೋಗಿ ಅವರ ಪಂಜರ ನೋಡಿ ಕೊಡ್ರಿ, ಜೋಡಿ ಒಡೀಬ್ಯಾಡ್ರಿ, ಒಡದ್ರ ಒಂದು ಕೂಗಿ ಕೂಗಿ ಊಟ ಬಿಡತೈತಿ. ಅಂಗಡಿಗೆ ಮಾತ್ರ ವಾಪಸ್ ಮಾರಬ್ಯಾಡ್ರಿ, ತತ್ತಿ ಹಾಕೋ ಹೆಣ್ಣು ಅಂತ ಗೊತ್ತಾದ್ರ ಗಡಿಗಿ ಕಟ್ಟಿ ಸಾಯೂತನಕ ಹಾಕಸ್ತಾರ.

ನಿಮ್ಮ ಮನಿಗೇ ಬರಬೇಕು ಅನ್ನೋ ಪರಿಸ್ಥಿತಿ ಬಂದ್ರ, ಅದೂ ಎದಿ ಡಾಕ್ಟರ್ ಒಪ್ಪಿದ್ರ ಅಷ್ಟ, ಅತ್ತಿ ಮಲಗೋ ಕೂಡೋ ಗಾಳಿಗೂ ಪಂಜರಕ್ಕೂ ನಡುವ ಬಾಗಲಾ ಇರಬೇಕು. ನಿಮ್ಮ ಮನ್ಯಾಗ ಅಂಥ ಜಾಗಾ ನನಗ ಕಾಣವಲ್ದು. ದಿನಾ ನೀರು ಸಿಂಪಡಿಸಿ ಜಳಕ ಮಾಡ್ಸಿದ್ರ ಪುಡಿ ಕಡಿಮಿ ಆಗತೈತಿ, ಗಾಳಿ ಸೋಸೋ ಹೆಪಾ ಫಿಲ್ಟರ್ ಮಷಿನ್ ಇಟ್ರ ಇನ್ನೂ ಕಡಿಮಿ, ಆದ್ರ ಶೂನ್ಯ ಆಗೂದಿಲ್ಲ, ಅದರ ಭರೋಸಾದ ಮ್ಯಾಲೆ ದಮ್ಮಿನವರನ್ನ ಇಡಬ್ಯಾಡ್ರಿ. ಬಜ್ಜಿಗಳಿಗೆ ಪುಡಿ ಕಡಿಮಿ, ಅವು ತರಬಹುದೇನ್ರಿ ಅಂತ ಮುಂದಿನ ಪ್ರಶ್ನೆ ಬರತೈತಿ ಅಂತ ಗೊತ್ತು. ಕಡಿಮಿ ಖರೆ, ಇಲ್ಲ ಅಂತಲ್ಲ, ಅಲರ್ಜಿ ಅವುಗಳಿಂದನೂ ಬರತೈತಿ. ಡಾಕ್ಟರನ್ನ ಕೇಳುವಾಗ ಎರಡೂ ಹೆಸರು ಹೇಳಿ ಕೇಳ್ರಿ.

ಮಗಳಿಗೆ ಏನು ಹೇಳಬೇಕು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಅಜ್ಜಿಗೆ ಹಕ್ಕಿಯಿಂದ ತ್ರಾಸ ಅಂತ ಹೇಳಬ್ಯಾಡ್ರಿ, ಹುಡುಗ್ರು ಆ ಸಿಟ್ಟು ಅಜ್ಜಿ ಮ್ಯಾಲೆ ಇಟ್ಕೋತಾವ. ಡಾಕ್ಟರ್ ಬ್ಯಾಡ ಅಂದ್ರು ಅಂತ ನನ್ನ ಹೆಸರು ಹೇಳ್ರಿ, ನನಗೇನು, ಗದಗಿಗೆ ಬಂದಾಗ ಬೈಸ್ಕೋತೀನಿ. ಆ ತಗಡಿನ ಖೋಲಿ ಮುಂದಿನ ಮಾಳಿಗಿ ಮ್ಯಾಲೆ ಒಂದು ಮಣ್ಣಿನ ತಾಟಿನಾಗ ನೀರು, ಕಟ್ಟಿಗೆ ತೂಗಹಾಕಿದ ಎರಡು ಜ್ವಾಳದ ತೆನಿ, ಇಷ್ಟು ಅಕಿ ಕೈಲೆ ಇಡಸ್ರಿ, ಬಂದ ಹಕ್ಕಿ ಹೆಸರು ಒಂದು ನೋಟ್‌ಬುಕ್‌ನ್ಯಾಗ ಬರಿ ಅನ್ರಿ. ತಾಟು ಎರಡು ದಿನಕ್ಕೊಮ್ಮೆ ತಿಕ್ಕಿ ತೊಳದು ನೀರು ಬದಲಿ ಮಾಡ್ಬೇಕು, ಅದು ಮಾತ್ರ ಅಕಿ ಕೆಲಸ, ನೀವು ಮಾಡಬ್ಯಾಡ್ರಿ. ಎರಡು ತಿಂಗಳು ತಪ್ಪದ ತೊಳದ್ಲು ಅಂದ್ರ ನನಗ ಬರೀರಿ.

ಮತ್ತ ಹಳದಿ ಹಕ್ಕಿ ಮಾತು ಮರೀಬ್ಯಾಡ್ರಿ. ಇನ್ನೊಂದು ಸಲ ತತ್ತಿಗೆ ಕೂಡೋ ಮೊದಲ ತಂಗಿಗೆ ಹೇಳಿ ಒಮ್ಮೆ ತೋರಿಸ್ರಿ, ಬರುವಾಗ ಪಂಜರದ ತಳಕ್ಕ ಬಿಳಿ ಹಾಳಿ ಹಾಕಿ ರಾತ್ರಿ ಹಿಕ್ಕಿ ಹಂಗ ಇಟ್ಕೊಂಡು ಬರ್ಲಿ. ಅಡಿಗಿಮನಿ ಡಿಜಿಟಲ್ ತಕಡಿ ಇದ್ರ ಮುಂಜಾನೆ ಖಾಲಿ ಹೊಟ್ಟ್ಯಾಗ ಎರಡೂ ಹಕ್ಕಿ ತೂಕ ಬರದು ತರ್ಲಿ, 75 ಗ್ರಾಂಕ್ಕಿಂತ ಕೆಳಗ ಇದ್ರ ಆ ದಿನಾನ ಬರ್ಲಿ, ಭಾನುವಾರ ಇದ್ರೂ ನಡೀತೈತಿ.